ಸೋದರಮಾವನ ಕೆಲಸ

ಸೋದರಮಾವ ಇಲ್ಲದೆ ನಮ್ಮ ಕಡೆ ಹೆಣ್ಣಿನ ಮದುವೆ ನಡೆಯುವುದಿಲ್ಲ. ಮಂಡ್ಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಸಿಂಗ ಕಟ್ಟುವಾಗ ಅವನು ಬೇಕು, ಹೆಣ್ಣನ್ನು ಹಸೆಗೆ ಕರೆತರಲು ಅವನು ಬೇಕು, ಧಾರೆಯ ಹೊತ್ತಿಗೆ ಪಕ್ಕದಲ್ಲಿ ನಿಲ್ಲಲೂ ಅವನೇ ಬೇಕು. ಅಕ್ಕನಿಗೆ ಇರುವ ತಮ್ಮ ನಾನೊಬ್ಬನೇ. ನಾನೋ ಕ್ರೈಸ್ತ.

ಅಕ್ಕ ಫೋನ್ ಮಾಡಿ, ಮಗಳ ಮದುವೆಗೆ ಮುಹೂರ್ತ ಗೊತ್ತಾಯ್ತು ಎಂದಳು. ಆಮೇಲೆ ಸ್ವಲ್ಪ ತಡೆದು, "ನೀನು ನಿಂತ್ಕೋತೀಯಾ ಇಲ್ವಾ, ಅಷ್ಟು ಹೇಳು. ಆಗಲ್ಲ ಅಂದ್ರೆ ದೊಡ್ಡಪ್ಪನ ಮಗನ್ನ ಕೇಳ್ತೀನಿ. ಆದ್ರೆ ಅವಳು ಮಾವನೇ ಬರಬೇಕು ಅಂತ ಕೂತವಳೆ" ಎಂದಳು. ಬರ್ತೀನಿ ಅಕ್ಕ ಎಂದುಬಿಟ್ಟೆ. ಏನು ಮಾಡಬಹುದು, ಏನು ಮಾಡಬಾರದು ಎಂಬ ಲೆಕ್ಕ ಶುರುವಾದದ್ದು ಫೋನ್ ಇಟ್ಟ ಮೇಲೆ.

ನಾನು ಕ್ರಿಸ್ತನನ್ನು ನಂಬಿದ ಕತೆಯಲ್ಲಿ ಪವಾಡ ಇಲ್ಲ. ಅಪ್ಪನನ್ನು ಮೈಸೂರಿನಲ್ಲಿ ಆಸ್ಪತ್ರೆಗೆ ಸೇರಿಸಿದ್ದೆವು. ಪಕ್ಕದ ಮಂಚದ ರೋಗಿಯನ್ನು ನೋಡಿಕೊಳ್ಳಲು ಬಂದಿದ್ದ ಒಬ್ಬ ಅಜ್ಜಿ ರಾತ್ರಿ ಹೊತ್ತು ಪ್ರಾರ್ಥನೆ ಮಾಡುತ್ತಿದ್ದರು. ಒಂದು ದಿನ, "ನಿಮ್ಮಪ್ಪನಿಗೂ ಸೇರಿಸಿ ಮಾಡ್ಲಾ ಮಗ?" ಎಂದು ಕೇಳಿದರು. ಮಾಡಿ ಎಂದೆ. ಅಪ್ಪ ಉಳಿಯಲಿಲ್ಲ. ಅಪ್ಪ ಹೋದ ದಿನ ಆ ಅಜ್ಜಿ ನನ್ನ ಅಮ್ಮನ ಪಕ್ಕ ನೆಲದ ಮೇಲೆ ಕೂತಿದ್ದರು. ಒಂದು ಮಾತೂ ಆಡಲಿಲ್ಲ. ಹೊರಡುವಾಗ ತಮ್ಮ ಹಳೆಯ ಪುಸ್ತಕವೊಂದನ್ನು ಕೊಟ್ಟರು, ಬೈಬಲಿನ ಹೊಸ ಒಡಂಬಡಿಕೆ. ಅದನ್ನು ಓದುತ್ತಾ, ಬಿಡುತ್ತಾ, ಮತ್ತೆ ಓದುತ್ತಾ ವರ್ಷಗಳು ಕಳೆದವು. ನೀರಿನಲ್ಲಿ ಮಿಂದು ಕ್ರೈಸ್ತನಾಗುವ ದೀಕ್ಷಾಸ್ನಾನ ಆದದ್ದು ಎಷ್ಟೋ ಕಾಲದ ಮೇಲೆ.

ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಸಾಕ್ಷಿ ಹೇಳಲು, ಎಂದರೆ ನಂಬಿಕೆಗೆ ಬಂದ ಕತೆ ಹೇಳಲು ಕರೆದಾಗ ನನಗೆ ಇದೇ ಕಷ್ಟ. ಸಾಕ್ಷಿಗೆ ಒಂದು ದಾರಿ ಬಿದ್ದುಬಿಟ್ಟಿದೆ. ಮೊದಲು ಕುಡಿಯುತ್ತಿದ್ದೆ, ಸಾಲ ಇತ್ತು, ಕಾಯಿಲೆ ಇತ್ತು. ಕರ್ತನು ಮುಟ್ಟಿದ, ಎಲ್ಲ ಸರಿಹೋಯಿತು. ಹಾಗೆ ಆದವರಿದ್ದಾರೆ, ಸುಳ್ಳೆನ್ನುವುದಿಲ್ಲ. ಆದರೆ ಬಹುಪಾಲು ಸಾಕ್ಷಿಗಳು ದೀಕ್ಷಾಸ್ನಾನದ ನೀರಿನ ಹತ್ತಿರವೇ ನಿಂತುಬಿಡುತ್ತವೆ. ಹತ್ತು ವರ್ಷದ ಮೇಲೆ ಮನೆಯಲ್ಲಿ ಹೇಗಿದ್ದೀಯಪ್ಪ ಎಂದು ಯಾರೂ ಕೇಳುವುದಿಲ್ಲ. ನನ್ನನ್ನು ಕೇಳಿದ್ದರೆ, ಕೋಪ ಅಷ್ಟೇ ಇದೆ, ನಾಲಿಗೆ ಇನ್ನೂ ಚೂಪಾಗಿದೆ ಎನ್ನಬೇಕಾಗಿತ್ತು.

ಮದುವೆಯ ವಿಷಯ ಸಭೆಯ ಒಂದಿಬ್ಬರಿಗೆ ಹೇಳಿದೆ. ಒಬ್ಬರು, "ಹೋಗಲೇಬೇಡಿ ಬ್ರದರ್, ಎರಡು ದೋಣಿ ಮೇಲೆ ಕಾಲಿಡಬಾರದು" ಎಂದರು. ಇನ್ನೊಬ್ಬರು, ಹೋಗಿ ಊಟ ಮಾಡಿ ಬನ್ನಿ, ಹಸೆ ಹತ್ತಿರ ಮಾತ್ರ ಬೇಡ ಎಂದರು. ಅತ್ತ ಊರಿನ ಕಡೆಯಿಂದ ಭಾವನಿಗೆ ಬೇರೆಯೇ ಹೆದರಿಕೆ. 2022ರಲ್ಲಿ ಮತಾಂತರದ ಕಾನೂನು ಬಂದಾಗಿನಿಂದ, ಬೀಗರು ಏನಾದರೂ ಕ್ಯಾತೆ ತೆಗೆದರೆ ಎಂಬ ಚಿಂತೆ. "ಅದು ಹೊಸದಾಗಿ ಮತಾಂತರ ಆಗೋರು ಮೂವತ್ತು ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನೋ ಕಾನೂನು. ನಂದು ಅದಕ್ಕೆ ಎಷ್ಟೋ ವರ್ಷ ಮೊದಲಿಂದು ಭಾವ" ಎಂದೆ. ಅವರು ತಲೆಯಾಡಿಸಿದರು. ಸಮಾಧಾನ ಆದಂತೆ ಕಾಣಲಿಲ್ಲ.

ಕೊನೆಗೆ ನಮ್ಮ ಸಭೆಯ ಪಾದ್ರಿ ಅಯ್ಯನವರ ಮನೆಗೆ ಹೋದೆ. ವಯಸ್ಸಾದವರು. ಹಳ್ಳಿಯ ಸಭೆಗಳಲ್ಲೇ ಜಾಸ್ತಿ ಕೆಲಸ ಮಾಡಿದವರು. ಅವರು ನೇರವಾಗಿ ಉತ್ತರ ಕೊಡದೆ, ಬೈಬಲಿನ ಎರಡನೇ ಅರಸುಗಳ ಪುಸ್ತಕದ ಐದನೇ ಅಧ್ಯಾಯ ತೆಗೆದು ಓದು ಎಂದರು.

ನಾಮಾನನ ಕತೆ ನನಗೆ ಗೊತ್ತಿತ್ತು. ಅರಾಮ್ ರಾಜನ ಸೇನಾಪತಿ, ಕುಷ್ಠರೋಗಿ. ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಿ ವಾಸಿಯಾದವನು. ಭಾನುವಾರದ ಶಾಲೆಯ ಮಕ್ಕಳಿಗೂ ಇಷ್ಟು ಗೊತ್ತು. ಅದರಾಚೆಗಿನದನ್ನು ನಾನು ಗಮನಿಸಿರಲಿಲ್ಲ. ವಾಸಿಯಾದ ಮೇಲೆ ಅವನು ಪ್ರವಾದಿ ಎಲೀಷನ ಹತ್ತಿರ ಎರಡು ಕೇಳುತ್ತಾನೆ. ಒಂದು, ಇಸ್ರಾಯೇಲಿನ ದೇವರನ್ನು ಆರಾಧಿಸಲು ಎರಡು ಹೇಸರಗತ್ತೆ ಹೊರುವಷ್ಟು ಮಣ್ಣು. ಇನ್ನೊಂದು, ಕ್ಷಮೆ. ನನ್ನ ಒಡೆಯ ತನ್ನ ದೇವರು ರಿಮ್ಮೋನನ ಗುಡಿಗೆ ಹೋಗಿ ಬಗ್ಗುವಾಗ ನನ್ನ ಕೈ ಹಿಡಿದುಕೊಳ್ಳುತ್ತಾನೆ, ಅವನ ಜೊತೆ ನಾನೂ ಬಗ್ಗಲೇಬೇಕಾಗುತ್ತದೆ, ಇದೊಂದನ್ನು ಕರ್ತನು ಮನ್ನಿಸಲಿ ಎನ್ನುತ್ತಾನೆ. ನಂಬಿಕೆ ಶುರುವಾದ ದಿನವೇ ಮುಂದಿನ ಎಡವಟ್ಟಿಗೂ ಕ್ಷಮೆ ಕೇಳಿಕೊಂಡ ಮನುಷ್ಯ!

"ಎಲೀಷ ಏನಂದ?" ಅಯ್ಯನವರು ಕೇಳಿದರು.

"ಸಮಾಧಾನದಿಂದ ಹೋಗು ಅಂದ."

"ಬಗ್ಗು ಅಂದ್ನಾ?"

"ಇಲ್ಲ."

"ಬಗ್ಗಬೇಡ ಅಂದ್ನಾ?"

"ಅದೂ ಇಲ್ಲ."

"ಸರಿ, ಕಾಫಿ ಕುಡಿ" ಎಂದರು.

ಮದುವೆ ದಿನಕ್ಕೆ ನಾನೊಂದು ಪಟ್ಟಿ ಮಾಡಿಕೊಂಡಿದ್ದೆ. ಸೋದರಮಾವನ ಸೀರೆ ಕೊಡುವುದು, ಬಾಸಿಂಗ ಕಟ್ಟುವುದು, ಕರೆತರುವುದು, ಧಾರೆಯಲ್ಲಿ ನಿಲ್ಲುವುದು, ಇಷ್ಟು ಮಾಡುತ್ತೇನೆ. ಕಳಶದ ಪೂಜೆಗೆ ಕೂರುವುದಿಲ್ಲ, ಮಂಗಳಾರತಿ ತೆಗೆದುಕೊಳ್ಳುವುದಿಲ್ಲ. ಅಕ್ಕನಿಗೂ ಮೊದಲೇ ಹೇಳಿದ್ದೆ. ಪಟ್ಟಿ ಕಾಗದದ ಮೇಲೆ ಚೆನ್ನಾಗಿತ್ತು. ಕಲ್ಯಾಣಮಂಟಪದ ಗಲಾಟೆಯಲ್ಲಿ ಓಲಗ ಜೋರಾದಾಗ ಪಟ್ಟಿಯನ್ನು ಯಾರು ಕೇಳುತ್ತಾರೆ? ಹಸೆಯ ಹತ್ತಿರ ಬರುತ್ತಿದ್ದಂತೆ ಪುರೋಹಿತರು ಕೈಗೆ ಅಕ್ಷತೆ ಇಟ್ಟು, "ಸೋದರಮಾವ ಮೊದಲು ಹಾಕಿ" ಎಂದರು. ಹಾಕಿದೆ. ಮಗು ಚೆನ್ನಾಗಿರಲಿ ಎಂದು ಮನಸ್ಸಿನಲ್ಲಿ ಯೇಸುವಿನ ಹೆಸರು ಹೇಳಿಕೊಂಡೇ ಹಾಕಿದೆ. ಮಂಗಳಾರತಿ ತಟ್ಟೆ ಬಂತು. ಹಿಡಿದಿದ್ದವರು ಹುಡುಗನ ಅಜ್ಜಿ, ನಡುಗುವ ಕೈ. ತಟ್ಟೆಗೆ ನೂರು ರೂಪಾಯಿ ಹಾಕಿದೆ, ದೀಪಕ್ಕೆ ಕೈ ಚಾಚಲಿಲ್ಲ. ಅದು ಸರಿಯಾ ತಪ್ಪಾ, ಇವತ್ತಿಗೂ ನನಗೆ ಗಟ್ಟಿಯಾಗಿ ಹೇಳಲು ಬರುವುದಿಲ್ಲ.

ಪಟ್ಟಿಯಲ್ಲಿ ಇಲ್ಲದ ಕಡೆ ನಾನು ಪೂರ್ತಿ ಜಾರಿದೆ. ಧಾರೆ ಮುಗಿದು ಎಲ್ಲರೂ ಕುರ್ಚಿ ಎಳೆದುಕೊಂಡು ಕೂತಿದ್ದಾಗ ನಮ್ಮೂರಿನ ಹಿರಿಯರೊಬ್ಬರು, "ಏನಪ್ಪ, ಅಲ್ಲಿಗೆ ಸೇರಿದ್ದಕ್ಕೆ ಎಷ್ಟು ಕೊಟ್ರು?" ಎಂದರು. ಮತಾಂತರ ಆದವರು ಇದನ್ನು ಎಷ್ಟು ಸಲ ಕೇಳಿರುತ್ತಾರೋ. ನಕ್ಕು ಸುಮ್ಮನಾಗಬಹುದಿತ್ತು. "ನಿಮ್ಮ ಮಗನ ಮದುವೇಲಿ ನೀವು ತಗೊಂಡಷ್ಟು ಕೊಡ್ಲಿಲ್ಲ ಬಿಡಿ" ಎಂದೆ. ಸುತ್ತ ಇದ್ದವರು ಗೊಳ್ಳೆಂದು ನಕ್ಕರು. ಅವರ ಮುಖ ಸಣ್ಣದಾಯಿತು. ನಿಜ ಹೇಳಬೇಕೆಂದರೆ ಆ ಗಳಿಗೆ ನನಗೆ ತುಂಬಾ ಖುಷಿಯಾಯಿತು. ಅಕ್ಷತೆ, ಆರತಿ ಎಂದು ಅಷ್ಟು ದಿನ ತಲೆ ಕೆಡಿಸಿಕೊಂಡವನಿಗೆ, ಹಿರಿಯರನ್ನು ನಾಲ್ಕು ಜನರ ಮುಂದೆ ಸಣ್ಣದು ಮಾಡಬಾರದು ಎಂಬುದು ನೆನಪಿಗೇ ಬರಲಿಲ್ಲ.

ಖುಷಿ ಊಟದವರೆಗೂ ಉಳಿಯಲಿಲ್ಲ. ಅವರ ಪಕ್ಕದ ಎಲೆಗೆ ಹೋಗಿ ಕೂತು, "ದೊಡ್ಡಯ್ಯ, ತಪ್ಪಾಯ್ತು, ಹಂಗೆ ಅನ್ನಬಾರದಾಗಿತ್ತು" ಎಂದೆ.

ಅವರು ಪಲ್ಯ ಕಲಸುತ್ತಲೇ, "ದೇವ್ರು ಬದ್ಲಾದ್ರೂ ಬಾಯಿ ಬದ್ಲಾಗ್ಲಿಲ್ಲ ಕಣೋ ನಿಂದು. ಥೇಟ್ ನಿಮ್ಮಪ್ಪಂದೇ" ಎಂದರು. ಆಮೇಲೆ ಬಡಿಸುವವನನ್ನು ಕೂಗಿ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು.

ನನ್ನ ಕ್ರೈಸ್ತ ಬಾಳಿನ ಬಗ್ಗೆ ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ಅದೂ ಸಭೆಯ ಹೊರಗಿನವರು. ಅವರ ಮಾತಿನಲ್ಲಿ ಅರ್ಧ ಬೈಗುಳ, ಅರ್ಧ ಅಕ್ಕರೆ. ಅಪ್ಪನ ಹೆಸರು ತಂದದ್ದರಿಂದ ಇನ್ನೂ ನಾನು ಅವರಲ್ಲೊಬ್ಬ ಎಂದಂತೆಯೂ ಆಯಿತು.

ಬೀಗರ ಊಟದ ದಿನ ಇನ್ನೊಂದು ತಮಾಷೆ. ಮಟನ್ ಸಾರು, ಮುದ್ದೆ. ಕುರಿಯನ್ನು ಮಾರಮ್ಮನಿಗೆ ಕಡಿದದ್ದೋ ಅಂಗಡಿಯಿಂದ ತಂದದ್ದೋ? ಮೊದಲ ಕಾಲದ ಕ್ರೈಸ್ತ ಗುರು ಪೌಲನು ಕೊರಿಂಥ ಊರಿನ ಸಭೆಗೆ ಪತ್ರದಲ್ಲಿ, ಮಾರುಕಟ್ಟೆಯಲ್ಲಿ ಮಾರುವುದನ್ನು ವಿಚಾರಣೆ ಮಾಡದೆ ತಿನ್ನಿ ಎಂದು ಬರೆದಿದ್ದಾನೆ. ಅದು ಪೂಜೆಗೆ ಕೊಟ್ಟದ್ದು ಎಂದು ಯಾರಾದರೂ ಹೇಳಿದರೆ ಮಾತ್ರ, ಹೇಳಿದವನ ಮನಸ್ಸಾಕ್ಷಿಗೋಸ್ಕರ ತಿನ್ನಬೇಡಿ ಎಂದೂ ಸೇರಿಸಿದ್ದಾನೆ. ಭಾವ ಏನೋ ಹೇಳಲು ಬಾಯಿ ತೆಗೆದರು. ಅಕ್ಕ ಅವರ ಕೈ ಹಿಡಿದು, "ಊಟ ಮಾಡೋರ ಮುಂದೆ ಮಾತಾಡಬಾರದು" ಎಂದು ಗದರಿದಳು. ಅಕ್ಕ ಪೌಲನ ಪತ್ರ ಓದಿದವಳಲ್ಲ.

ಮುಂದಿನ ಭಾನುವಾರ ಆರಾಧನೆಯಲ್ಲಿ ಪಾಪದ ಅರಿಕೆ ಬಂತು. ಆಲೋಚನೆಯಲ್ಲಿ, ಮಾತಿನಲ್ಲಿ, ಕ್ರಿಯೆಯಲ್ಲಿ ತಪ್ಪಿದ್ದೇವೆ ಎಂದು ಎಲ್ಲರೂ ಒಟ್ಟಿಗೆ ಹೇಳುತ್ತೇವೆ. ಅಯ್ಯನವರೂ ಹೇಳುತ್ತಾರೆ. ಬಾಯಿಪಾಠ ಆಗಿ ಎಷ್ಟೋ ಸಲ ಗಮನವಿಲ್ಲದೆ ಹೇಳಿದ್ದುಂಟು. ಆವತ್ತು "ಮಾತಿನಲ್ಲಿ" ಎನ್ನುವಾಗ ದೊಡ್ಡಯ್ಯನ ಸಣ್ಣಗಾದ ಮುಖ ಎದುರಿಗೆ ಬಂತು. ಜೊತೆಗೆ ಒಂದು ಯೋಚನೆಯೂ ಬಂತು. ದೀಕ್ಷಾಸ್ನಾನ ಆದವರು ಇನ್ನು ತಪ್ಪುವುದಿಲ್ಲ ಎಂದಿದ್ದರೆ ಇದನ್ನು ಆರಾಧನೆಯ ಪುಸ್ತಕದಲ್ಲಿ ಅಚ್ಚು ಹಾಕಿಸುವ ಅಗತ್ಯವೇ ಇರಲಿಲ್ಲ, ಅಲ್ವಾ? ನಾವು ಮುಂದಿನ ವಾರವೂ ಎಡವಿಯೇ ಬರುತ್ತೇವೆ ಎಂದು ಸಭೆಗೆ ಗೊತ್ತು. ಆದರೂ ಬಾಗಿಲು ತೆಗೆದಿಡುತ್ತದೆ.

ಫಿಲಿಪ್ಪಿ ಊರಿನ ಸಭೆಗೆ ಪೌಲನು ಸೆರೆಯಿಂದ ಬರೆದ ಪತ್ರದಲ್ಲಿ, ನಿಮ್ಮಲ್ಲಿ ಒಳ್ಳೆಯ ಕೆಲಸ ಶುರುಮಾಡಿದವನು ಅದನ್ನು ಪೂರ್ತಿಮಾಡುತ್ತಾನೆ ಎಂಬ ಮಾತಿದೆ. ಅದಕ್ಕೆ ಗಡುವು ಇರುವುದು ಕ್ರಿಸ್ತನು ಮತ್ತೆ ಬರುವ ದಿನಕ್ಕೆ. ಅಕ್ಕನ ಮಗಳ ಮದುವೆಯ ದಿನಕ್ಕೇ ನಾನು ಪೂರ್ತಿ ಆಗಿರಬೇಕು ಎಂದು ಗಡುವು ಹಾಕಿಕೊಂಡವನು ನಾನೇ.

ಈಗ ಆ ಹುಡುಗಿಗೆ ಸೀಮಂತ. ಈ ಸಲ ಭಾವನೇ ಫೋನ್ ಮಾಡಿ, "ನಿಮ್ಮ ಪಟ್ಟಿ ಏನಿದೆ ಮೊದ್ಲೇ ಕಳ್ಸಿ, ಆಮೇಲೆ ನಿಮ್ಮಕ್ಕನ ಹತ್ರ ನನಗೆ ಬೈಸ್ಬೇಡಿ" ಎಂದರು. ಇಟ್ಟುಕೊಂಡಿರುವುದು ಭಾನುವಾರ. ಬೆಳಗಿನ ಆರಾಧನೆ ಮುಗಿಸಿಕೊಂಡು ಹೊರಟರೆ ಊಟದ ಹೊತ್ತಿಗೆ ಸೇರಬಹುದು.