ನಾಲ್ಕು ಪಿನ್ನು, ಒಂದು ನಂಬರು

ಜೋಡಿ ನೃತ್ಯ ಸ್ಪರ್ಧೆಯ ಬೆಳಗ್ಗೆ ಮೊದಲ ಜಗಳ ನಡೆಯುವುದು ಸೇಫ್ಟಿ ಪಿನ್ನಿಗಾಗಿ. ಬಾಲ್‌ರೂಮ್ ಇರಲಿ, ಲ್ಯಾಟಿನ್ ಇರಲಿ, ಜೋಡಿಯ ನಂಬರು ಸಾಮಾನ್ಯವಾಗಿ ಗಂಡಿನ ಬೆನ್ನ ಮೇಲೆ. ಮೂಲೆಗೊಂದರಂತೆ ನಾಲ್ಕು ಪಿನ್ ಬೇಕು. ಎರಡೇ ಸಿಕ್ಕಿದವೆಂದು ಮೇಲಷ್ಟೇ ಚುಚ್ಚಿದರೆ ಮೊದಲ ಸುತ್ತಿಗೇ ಕಾಗದ ಬಾವುಟದ ಹಾಗೆ ಏಳುತ್ತದೆ. ಚುಚ್ಚುವಾಗ ಅವನು ಕುಣಿಯುವ ಭಂಗಿಯಲ್ಲೇ ಎರಡೂ ಕೈ ಎತ್ತಿ ನಿಂತಿರಲಿ. ಕೈ ಇಳಿಬಿಟ್ಟಾಗ ಅಚ್ಚುಕಟ್ಟಾಗಿ ಕೂತ ನಂಬರು ಕೈ ಎತ್ತಿದೊಡನೆ ಅಂಗಿ ಬಿಗಿದು ಹರಿಯುತ್ತದೆ. ನಂಬರು ಕಾಣದಿದ್ದರೆ ತೀರ್ಪುಗಾರ ಗುರುತು ಹಾಕುವುದಾದರೂ ಯಾರಿಗೆ?

ಹವ್ಯಾಸಿ ಜೋಡಿಗೆ ಮ್ಯಾನೇಜರ್ ಇರುವುದಿಲ್ಲ. ಜೊತೆಗೆ ಬಂದ ತಂಗಿಯೋ ಗೆಳೆಯನೋ ಎಲ್ಲ ಕೆಲಸಕ್ಕೂ ಆಗಬೇಕು. ಅವರ ಚೀಲದಲ್ಲಿ ಇರಲೇಬೇಕಾದ ವಸ್ತು ತಂತಿ ಬ್ರಷ್. ನೃತ್ಯದ ಶೂಗಳ ಅಡಿ ಸ್ವೀಡ್ ಚರ್ಮದ್ದು. ನೆಲದ ಮೇಣ, ಧೂಳು ಮೆತ್ತಿಕೊಂಡು ಅದರ ನವಿರು ಮಲಗಿ ಹೊಳೆಯತೊಡಗಿದರೆ ಕಾಲು ಜಾರುತ್ತದೆ. ಬ್ರಷ್‌ನಿಂದ ನಾಲ್ಕು ಸಲ ಉಜ್ಜಿದರೆ ನವಿರು ಮತ್ತೆ ಏಳುತ್ತದೆ. ಕನ್ನಡಿಯಂತೆ ಮಿರುಗುವ ಪೇಟೆಂಟ್ ಚರ್ಮದ ಶೂಗಳದ್ದು ಇನ್ನೊಂದು ಕಾಟ: ಕಾಲಿಗೆ ಕಾಲು ತಾಗಿದಾಗ ಎರಡೂ ಅಂಟಿ ಹಿಡಿಯುತ್ತವೆ. ಒಳಬದಿಗೆ ಒಂದು ಹನಿ ಹರಳೆಣ್ಣೆ ಸವರಿದರೆ ಮುಗಿಯಿತು. ಎಣ್ಣೆಯಾಗಲಿ ಪೌಡರಾಗಲಿ ನೆಲಕ್ಕೆ ಬೀಳಕೂಡದು. ಮುಂದಿನ ಜೋಡಿ ಬೀಳುವುದು ಅಲ್ಲೇ.

ಒಂದು ಹೀಟ್‌ನಲ್ಲಿ, ಅಂದರೆ ಒಟ್ಟಿಗೆ ನೆಲಕ್ಕಿಳಿಯುವ ಗುಂಪಿನಲ್ಲಿ, 12 ಜೋಡಿ, ಹಾಡು ಒಂದೂವರೆ ನಿಮಿಷ ಅಂದುಕೊಳ್ಳಿ. ಒಂದೊಂದು ಜೋಡಿಯನ್ನು ನೋಡಲು ತೀರ್ಪುಗಾರನಿಗೆ ಸಿಗುವುದು ಏಳೂವರೆ ಸೆಕೆಂಡ್. ಅಷ್ಟರಲ್ಲಿ ಕಣ್ಣು ಎಳೆಯಬೇಕು. ಪ್ರೇಕ್ಷಕರು ನಂಬರು ಕೂಗುವುದು ಇದಕ್ಕೇ. ಎಲ್ಲರೂ ಒಂದೇ ಮೂಲೆಯಲ್ಲಿ ಗುಂಪಾಗಿ ಕೂತರೆ ಪ್ರಯೋಜನ ಕಡಿಮೆ. ವಾಲ್ಟ್ಸ್, ಫಾಕ್ಸ್‌ಟ್ರಾಟ್ ಜೋಡಿಗಳು ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಇಡೀ ನೆಲ ಸುತ್ತುತ್ತವೆ, ಹಾಗಾಗಿ ನಾಲ್ಕೂ ಬದಿಗೆ ಹಂಚಿಕೊಂಡು ಕೂತು, ಜೋಡಿ ತಮ್ಮ ಮುಂದೆ ಬಂದಾಗ ಕೂಗಿದರೆ ಸಾಕು. ರುಂಬಾದ ಮೌನದ ಮಧ್ಯೆ ಅರಚುವವರನ್ನು ನಾನಂತೂ ಕ್ಷಮಿಸಲಾರೆ.

ಸುತ್ತುಗಳ ನಡುವೆ ಜಾಕೆಟ್ ಹೊದಿಸಿ ಮೈ ಆರದಂತೆ ನೋಡಿಕೊಳ್ಳಿ. ನೀರು ಸ್ಟ್ರಾದಲ್ಲಿ ಕೊಡಿ, ಬಣ್ಣ ಹಚ್ಚಿದ ಮೈಮೇಲೆ ಒಂದು ಹನಿ ಬಿದ್ದರೂ ಗೆರೆ ಎದ್ದು ಕಾಣುತ್ತದೆ. ಜಿಪ್ ಕಿತ್ತುಹೋದರೆ ಉಡುಪಿನದೇ ಬಣ್ಣದ ದಾರದಿಂದ ಮೈಮೇಲೇ ಹೊಲಿಯಿರಿ. ಅಂಟು ಒಣಗುವಷ್ಟು ಪುರುಸೊತ್ತು ಯಾರಿಗಿದೆ?

ಸಂಘಟಕರು ಎಡವುವುದು ಹೆಚ್ಚಾಗಿ ಹಾಡಿನ ವೇಗದಲ್ಲಿ. ವಾಲ್ಟ್ಸ್‌ಗೆ ನಿಮಿಷಕ್ಕೆ 28ರಿಂದ 30 ಬಾರ್ (ತಾಳದ ಆವರ್ತ), ಕ್ವಿಕ್‌ಸ್ಟೆಪ್‌ಗೆ 50ರಿಂದ 52. ಇಷ್ಟವಾಯಿತೆಂದು 33ರ ವಾಲ್ಟ್ಸ್ ಹಾಕಿದರೆ ಹೊಸಬರ ಕಾಲು ಕಲಸಿಹೋಗುತ್ತದೆ. ಇನ್ನೊಂದು ತಪ್ಪು, ಹೊಸಬರ ಸ್ಪರ್ಧೆಯನ್ನು ಬೆಳಗ್ಗೆ ಎಂಟಕ್ಕೆ ಖಾಲಿ ಕುರ್ಚಿಗಳ ಮುಂದೆ ಮುಗಿಸಿಬಿಡುವುದು. ವಾಲ್ಟ್ಸ್, ಚಾ-ಚಾ ಎರಡನ್ನಷ್ಟೇ ಕಲಿತವರ ಫೈನಲ್ ಅನ್ನು ಸಂಜೆಯ ದೊಡ್ಡ ಫೈನಲ್‌ಗಳ ನಡುವೆ ಸೇರಿಸಿ. ಅವರ ಮನೆಯವರು ಟಿಕೆಟ್ ಕೊಂಡು ಕೊನೆವರೆಗೂ ಕೂರುತ್ತಾರೆ. ಡ್ಯಾನ್ಸ್‌ಸ್ಪೋರ್ಟ್‌ಗೆ, ಅಂದರೆ ಕ್ರೀಡೆಯಾಗಿ ನಡೆಯುವ ನೃತ್ಯ ಸ್ಪರ್ಧೆಗೆ, 1997ರಲ್ಲೇ ಒಲಿಂಪಿಕ್ ಸಮಿತಿಯ ಮಾನ್ಯತೆ ಸಿಕ್ಕಿತು. ಆದರೂ 2024ರ ಪ್ಯಾರಿಸ್‌ನಲ್ಲಿ ನೆಲಕ್ಕಿಳಿದದ್ದು ಬ್ರೇಕಿಂಗ್, ಅಂದರೆ ಬ್ರೇಕ್ ಡ್ಯಾನ್ಸ್. ಬಾಲ್‌ರೂಮಿಗೆ ಪ್ರೇಕ್ಷಕರನ್ನು ಹೀಗೆ ಒಂದೊಂದೇ ಮನೆಯಿಂದ ಕರೆತರಬೇಕು.

ಫೈನಲ್‌ನಲ್ಲಿ ಸ್ಥಾನ ಲೆಕ್ಕ ಹಾಕುವ ಸ್ಕೇಟಿಂಗ್ ಪದ್ಧತಿ ಅರ್ಥವಾಗದೆ ಅಳುವವರಿದ್ದಾರೆ. ಏಳು ತೀರ್ಪುಗಾರರಲ್ಲಿ ನಾಲ್ವರು ಒಂದು ಜೋಡಿಗೆ ಮೊದಲ ಸ್ಥಾನ, ಉಳಿದ ಮೂವರು ಕೊನೆಯ ಆರನೆಯದು ಕೊಟ್ಟರೂ ಆ ನೃತ್ಯದಲ್ಲಿ ಗೆದ್ದದ್ದು ಅದೇ ಜೋಡಿ. ಮೂರು ಮೊದಲು, ನಾಲ್ಕು ಎರಡನೆಯದು ಪಡೆದವರು ಎರಡನೆಯವರೇ. ಇಲ್ಲಿ ಸರಾಸರಿ ಲೆಕ್ಕಕ್ಕಿಲ್ಲ, ಬಹುಮತ ಮಾತ್ರ. ಆರಂಭದ ಸುತ್ತುಗಳಲ್ಲಿ ಸ್ಥಾನವೂ ಇಲ್ಲ, ಮುಂದಕ್ಕೆ ಕರೆಯಬೇಕೋ ಬೇಡವೋ ಎಂಬ ಗುರುತಷ್ಟೇ. ಹೊರಬಿದ್ದ ಜೋಡಿ ಅಂಕಪಟ್ಟಿಯಲ್ಲಿ ಯಾವ ನೃತ್ಯಕ್ಕೆ ಎಷ್ಟು ಗುರುತು ಬಿತ್ತೆಂದು ಅಡ್ಡಲಾಗಿ ಓದಲಿ: ವಾಲ್ಟ್ಸ್ ಐದು, ಟ್ಯಾಂಗೋ ಐದು, ವಿಯೆನ್ನೀಸ್ ವಾಲ್ಟ್ಸ್ ಒಂದು, ಫಾಕ್ಸ್‌ಟ್ರಾಟ್ ನಾಲ್ಕು, ಕ್ವಿಕ್‌ಸ್ಟೆಪ್ ಐದು. ಮುಂದಿನ ತಿಂಗಳ ಅಭ್ಯಾಸ ವಿಯೆನ್ನೀಸ್‌ನಿಂದ.