ಪೀಠದ ವಾರಸುದಾರ, ಪೀಠದ ಸಂಶೋಧಕ: ಖುಸ್ರೋ ಹುಸೇನಿಯವರ ನೆನಪು

ಕಲಬುರಗಿಯ ಖಾಜಾ ಬಂದೇನವಾಜ್ ದರ್ಗಾದ ಸಜ್ಜಾದೆ ನಶೀನರಾಗಿದ್ದ, ಅಂದರೆ ಪೀಠಾಧಿಪತಿಯಾಗಿದ್ದ, ಡಾ. ಸೈಯದ್ ಶಾ ಖುಸ್ರೋ ಹುಸೇನಿಯವರು 2024ರ ನವೆಂಬರ್ 6ರಂದು ತೀರಿಕೊಂಡಾಗ, ಊರು ಅವರನ್ನು ಸೂಫಿ ಗುರುಗಳೆಂದೂ ವಿದ್ಯಾಸಂಸ್ಥೆಗಳನ್ನು ಬೆಳೆಸಿದ ಹಿರಿಯರೆಂದೂ ನೆನೆಯಿತು. ಎರಡೂ ಸತ್ಯವೇ. ಆದರೆ ಅವರ ಸಂಸ್ಥೆಯ ಮಹಿಳಾ ಕಾಲೇಜಿನಲ್ಲಿ ಇತಿಹಾಸ ಓದಿದ ನನಗೆ ಅವರು ಎಲ್ಲಕ್ಕಿಂತ ಮೊದಲು ವಿದ್ವಾಂಸರಾಗಿ ನೆನಪಾಗುತ್ತಾರೆ.

ನಮ್ಮ ಮನೆಯಲ್ಲಿ ಬಂದೇನವಾಜರೆಂದರೆ ಹರಕೆಯ ದೇವರು. ಮಕ್ಕಳಿಗೆ ಜ್ವರ ಬಂದರೂ ಮಳೆ ಹಿಂದಾದರೂ ಅಜ್ಜಿ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು ಬರುತ್ತಿದ್ದಳು. ಮರುದಿನ ಶರಣಬಸವೇಶ್ವರ ಗುಡಿಗೂ ಹೋಗುತ್ತಿದ್ದಳು. ಉರುಸಿನ ಗಂಧದ ಮೆರವಣಿಗೆ ಮೆಹಬೂಬ್ ಗುಲ್ಶನ್ ತೋಟದಿಂದ ಹೊರಟು ದರ್ಗಾದತ್ತ ಸಾಗುವಾಗ ರಸ್ತೆಯ ಎರಡೂ ಬದಿಗೆ ನಿಲ್ಲುತ್ತಿದ್ದ ಜನಸ್ತೋಮದಲ್ಲಿ ನಾವೂ ಇರುತ್ತಿದ್ದೆವು. ಆ ಸಂತರು 1321ರಲ್ಲಿ ದೆಹಲಿಯಲ್ಲಿ ಹುಟ್ಟಿದವರು, ಚಿರಾಗ್-ಎ-ದೆಹಲಿ ನಸೀರುದ್ದೀನರ ಶಿಷ್ಯರು, 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ದೆಹಲಿ ಬಿಟ್ಟು, ಫಿರೋಜ್ ಶಾ ಬಹಮನಿಯ ಆಳ್ವಿಕೆಯಲ್ಲಿ, ಇಳಿವಯಸ್ಸಿನಲ್ಲಿ ಕಲಬುರಗಿಗೆ ಬಂದು ನೆಲೆಸಿದವರು ಎಂಬುದು ನನಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ.

ಗ್ರಂಥಾಲಯದಲ್ಲಿ ನಮ್ಮ ಇತಿಹಾಸದ ಅಧ್ಯಾಪಕರು ಕೈಗಿತ್ತ ಇಂಗ್ಲಿಷ್ ಪುಸ್ತಕ ಖುಸ್ರೋ ಹುಸೇನಿಯವರದು, 1983ರಲ್ಲಿ ದೆಹಲಿಯಲ್ಲಿ ಪ್ರಕಟವಾದದ್ದು. ಸೂಫಿ ತತ್ತ್ವದ ಬಗ್ಗೆ ಗೇಸೂದರಾಜರ, ಅಂದರೆ ಬಂದೇನವಾಜರ, ವಿಚಾರಗಳನ್ನು ಕುರಿತದ್ದು. ಅದರ ಶೀರ್ಷಿಕೆಯಲ್ಲೇ ಸಂತರ ಹೆಸರಿನ ಪಕ್ಕ 721/1321, 825/1422 ಎಂದು ಹಿಜರಿ ಮತ್ತು ಕ್ರಿಸ್ತಶಕಗಳೆರಡೂ ಜೊತೆಯಾಗಿ ಅಚ್ಚಾಗಿವೆ. ತನ್ನ ವಂಶದ ಮೂಲಪುರುಷರ, ತಾನು ಮುಂದೆ ಕೂರಲಿದ್ದ ಪೀಠದ ಒಡೆಯರ ಜನನ ಮರಣಗಳನ್ನು ಹೀಗೆ ಇತಿಹಾಸಕಾರನ ಶಿಸ್ತಿನಿಂದ ಗುರುತಿಸುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಇಸ್ಲಾಮಿಕ್ ಅಧ್ಯಯನ ಮಾಡಿ ಬಂದ ಅವರಿಗೆ, ಮೂಲ ಫಾರಸಿ ಗ್ರಂಥಗಳನ್ನು ಸಾಲು ಸಾಲಾಗಿ ಓದಿ ಪರಿಶೀಲಿಸುವುದು ಭಕ್ತಿಗೆ ಹೊರತಾದ ಕೆಲಸವಾಗಿರಲಿಲ್ಲ ಎಂದೇ ನನ್ನ ನಂಬಿಕೆ. ಸೂಫಿ ತತ್ತ್ವಜ್ಞ ಇಬ್ನ್ ಅರಬಿಯ ಅದ್ವೈತಸದೃಶ ತತ್ತ್ವವನ್ನು ಗೇಸೂದರಾಜರು ಒಪ್ಪದೆ ಟೀಕಿಸಿದವರು. ಸೂಫಿಗಳೆಲ್ಲರೂ ಒಂದೇ ಮಾತು ಹೇಳಿದರು ಎಂದು ತಿಳಿದಿದ್ದ ನನ್ನಂಥ ವಿದ್ಯಾರ್ಥಿನಿಗೆ ಆ ಪರಂಪರೆಯೊಳಗಿನ ವಾಗ್ವಾದ ಎಷ್ಟು ತೀಕ್ಷ್ಣವಾಗಿತ್ತೆಂಬುದು ಅರಿವಾದದ್ದು ಈ ದಾರಿಯಲ್ಲಿ.

ಖುಸ್ರೋ ಹುಸೇನಿಯವರ ಇನ್ನೊಂದು ಬರಹ 'ಬಂದ್ ಸಮಾ' ಕುರಿತದ್ದು. 1970ರಷ್ಟು ಹಿಂದೆಯೇ ಹೈದರಾಬಾದಿನ 'ಇಸ್ಲಾಮಿಕ್ ಕಲ್ಚರ್' ಪತ್ರಿಕೆಯಲ್ಲಿ ಬಂದಿತ್ತು. ಬಾಗಿಲು ಮುಚ್ಚಿ, ಆಯ್ದ ಕೆಲವರೇ ಕೂತು ಕೇಳುವ ಆ ಗಾಯನಗೋಷ್ಠಿ ಈ ದರ್ಗಾದ ವಿಶಿಷ್ಟ ಸಂಪ್ರದಾಯ. ಗೇಸೂದರಾಜರು ಸೇರಿದ ಚಿಶ್ತಿ ಪಂಥದ ಸೂಫಿಗಳಿಗೆ ಸಂಗೀತ ಸಾಧನೆಯ ಅಂಗ. ಧರ್ಮಶಾಸ್ತ್ರಜ್ಞರಿಗೆ ಅದೇ ತಕರಾರಿನ ವಿಷಯ. ಸಂತರ ಹಿರಿಯ ಮಗ ಸಂಗ್ರಹಿಸಿದ 'ಜವಾಮಿಉಲ್ ಕಲಿಮ್' ಎಂಬ ಸಂಭಾಷಣಾ ಗ್ರಂಥದಲ್ಲಿ ಗೇಸೂದರಾಜರು ಅಂದಿನ ಆಡುಮಾತಾದ ಹಿಂದವಿಯ ಹಾಡುಗಳ ಮಾರ್ದವವನ್ನೂ ಅವು ಮನಸ್ಸನ್ನು ಕರಗಿಸುವ ಬಗೆಯನ್ನೂ ಮೆಚ್ಚಿ ಮಾತಾಡುತ್ತಾರೆ. ಹೊರಗಿನ ಸಂಶೋಧಕನಿಗೆ ಸುಲಭವಾಗಿ ಎಟುಕದ ಒಂದು ಆಚರಣೆಯನ್ನು, ಒಳಗಿದ್ದೇ ಬೆಳೆದವರೊಬ್ಬರು ವಿದ್ವತ್ಪತ್ರಿಕೆಯ ಭಾಷೆಯಲ್ಲಿ ದಾಖಲಿಸಿದ್ದು ದೊಡ್ಡ ಉಪಕಾರ.

ಉರ್ದು ವಿದ್ಯಾರ್ಥಿನಿಯರಾದ ನನ್ನ ಗೆಳತಿಯರಿಗೆ 'ಮೇರಾಜುಲ್ ಆಶಿಕೀನ್' ಎಂಬ ದಖನಿ ಗದ್ಯಕೃತಿ ಪರಿಚಿತವಾಗಿತ್ತು. ಉರ್ದು ವಿದ್ವಾಂಸ ಮೌಲ್ವಿ ಅಬ್ದುಲ್ ಹಕ್ ಅದನ್ನು ಬಂದೇನವಾಜರ ಕೃತಿಯೆಂದು ಪ್ರಕಟಿಸಿದ್ದರು, ಉರ್ದು ಗದ್ಯದ ಮೊದಲ ಪುಸ್ತಕವೆಂಬ ಗೌರವವೂ ಅದಕ್ಕೆ ಸಂದಿತ್ತು. ಅದು ಬಹಳ ಈಚಿನದು, ಅವರದಲ್ಲ ಎಂದು ಮುಂದಿನ ವಿದ್ವಾಂಸರು ವಾದಿಸಿದರು. ಸಂತರ ಹೆಸರಿನಲ್ಲೇ ನಡೆಯುವ ಸಂಸ್ಥೆಯಲ್ಲಿ ಕುಳಿತು ಈ ಚರ್ಚೆಯನ್ನು ನಾವು ಅಳುಕಿಲ್ಲದೆ ಮಾಡುತ್ತಿದ್ದೆವು. ಅಂಥ ವಾತಾವರಣವಿದ್ದದ್ದು ಪೀಠದ ಮನೆಯಲ್ಲೇ ಒಬ್ಬ ಸಂಶೋಧಕರಿದ್ದ ಕಾರಣದಿಂದ ಎಂದು ನನಗೆ ಈಗ ಅನ್ನಿಸುತ್ತದೆ.

2007ರಲ್ಲಿ ತಂದೆಯವರ ನಂತರ ಸಜ್ಜಾದೆಯ ಹೊಣೆ ಖುಸ್ರೋ ಹುಸೇನಿಯವರ ಹೆಗಲಿಗೆ ಬಂತು. ತಂದೆ ಕಟ್ಟಿದ ಖಾಜಾ ಶಿಕ್ಷಣ ಸಂಸ್ಥೆಯನ್ನು ಅವರು ಮುಂದುವರಿಸಿದರು. 2018ರಲ್ಲಿ ಖಾಜಾ ಬಂದೇನವಾಜ್ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ಮೊದಲ ಕುಲಾಧಿಪತಿಯಾದರು. ಈ ಭಾಗದ ಎಷ್ಟೋ ಮನೆಗಳಲ್ಲಿ ಹತ್ತನೆಯ ತರಗತಿ ಮುಗಿದ ಕೂಡಲೇ ಹೆಣ್ಣುಮಕ್ಕಳಿಗೆ ಗಂಡು ಹುಡುಕುವ ಮಾತು ಶುರುವಾಗುತ್ತಿದ್ದ ಕಾಲದಲ್ಲಿ, "ದರ್ಗಾದವರ ಕಾಲೇಜು, ಹೋಗಲಿ ಬಿಡು" ಎಂದು ಒಪ್ಪಿದ ತಂದೆಯರು ನನ್ನ ತರಗತಿಯಲ್ಲೇ ಹಲವರಿಗಿದ್ದರು. ಹಿಂದೂ ಮುಸ್ಲಿಂ ಎನ್ನದೆ ಎರಡೂ ಕಡೆಯ ತಂದೆಯರು.

ಕಲಬುರಗಿಯ ಸಂತರನ್ನು ಕುರಿತು ಕಲಬುರಗಿಯವರೇ ಬರೆದ ಆ ಪುಸ್ತಕವನ್ನು ಜಗತ್ತಿನ ಸೂಫಿ ಅಧ್ಯಯನಕಾರರು ಇಂದಿಗೂ ಉಲ್ಲೇಖಿಸುತ್ತಾರೆ. ಸಕ್ಕರೆ ಓದಿಸುವ ಅಜ್ಜಿಯಂದಿರ ಮೊಮ್ಮಕ್ಕಳೂ ಅದನ್ನು ಓದುವಂತಾಗಬೇಕು. ನಮ್ಮ ಕಾಲೇಜಿನ ಕನ್ನಡ, ಉರ್ದು ಮತ್ತು ಇತಿಹಾಸ ವಿಭಾಗಗಳು ಕೂಡಿ ಕುಳಿತು, ಫಾರಸಿ ಬಲ್ಲವರ ನೆರವು ಪಡೆದು, ಅದನ್ನು ಕನ್ನಡಕ್ಕೆ ತರಲಿ ಎಂದು ಹಳೆಯ ವಿದ್ಯಾರ್ಥಿನಿಯಾಗಿ ಕೇಳಿಕೊಳ್ಳುತ್ತೇನೆ. ಆ ಕೆಲಸದಲ್ಲಿ ಕರಡು ತಿದ್ದುವ ಹೊಣೆಯನ್ನು ನನಗೆ ಕೊಟ್ಟರೆ ಸಂತೋಷದಿಂದ ಹೊರುತ್ತೇನೆ.