ಏಳು ಬೀಜದ ತವರಿನ ಕಡೆ

ಎಲ್ಲಿಗೇ ಹೋದರೂ ನನ್ನ ಕ್ಯಾಮೆರಾ ಮೊದಲು ಹುಡುಕೋದು ಅಡುಗೆಮನೆಯನ್ನ. ಅರಮನೆ, ಗೋಪುರ ಎಲ್ಲ ಆಮೇಲೆ. ಇಥಿಯೋಪಿಯಾದಲ್ಲೂ ಹಾಗೇ ಆಯ್ತು. ನೆಲಕ್ಕೆ ಹಸಿ ಹುಲ್ಲು ಹಾಸಿದ್ರು. ಮನೆಯಾಕೆ ಕಾಫಿ ಬೀಜ ತೊಳೆದು, ಕೆಂಡದ ಮೇಲೆ ಹುರಿದು, ಆ ಹೊಗೆಯನ್ನ ಒಬ್ಬೊಬ್ಬರ ಮೂಗಿನ ಹತ್ರಾನೂ ತಂದ್ರು. ಆಮೇಲೆ ಕುಟ್ಟಿ, ಜೆಬೆನಾ ಅನ್ನೋ ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಬಗ್ಗಿಸಿದ್ರು. ಅಬೋಲ್, ತೋನಾ, ಬರಕಾ ಅಂತ ಮೂರು ಸುತ್ತು. ನಡುವೆ ಎದ್ದು ಹೋಗೋದು ಮರ್ಯಾದೆಯಲ್ಲ. ಧೂಪದ ಹೊಗೆಗೆ ಕಿಟಕಿ ಬೆಳಕು ಅಡ್ಡ ಬಿದ್ದಿತ್ತು. ಫ್ಲ್ಯಾಶ್ ಹಾಕೋದು ಪಾಪ.

ಚಿಕ್ಕಮಗಳೂರಿನವನಿಗೆ ಇದು ಬೇರೆ ಥರ ನಾಟುತ್ತೆ. ನಮ್ಮ ತೋಟಗಳಲ್ಲಿರೋ ಅರೇಬಿಕಾ ಕಾಫಿಯ ಹುಟ್ಟೂರು ಇಥಿಯೋಪಿಯಾದ ಕಾಡು. ಯೆಮೆನ್‌ನಿಂದ ಬಾಬಾ ಬುಡನ್ ಏಳು ಬೀಜ ತಂದ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಫೋಟೊ ನೋಡಿದ ಅಮ್ಮನ ಪ್ರಶ್ನೆ ಒಂದೇ: "ಹಾಲೂ ಇಲ್ಲ, ಚಿಕೋರಿನೂ ಇಲ್ಲ, ಅದೆಂಥ ಕಾಫಿನೋ?"

ಮಾರ್ಚ್-ಏಪ್ರಿಲ್‌ನಲ್ಲಿ ಮಾತ್ರ ನಾನು ಊರು ಬಿಡಲ್ಲ. ಹೂಮಳೆ, ಅಂದ್ರೆ ಕಾಫಿ ಹೂ ಅರಳಿಸೋ ಮಳೆ, ಬಿದ್ದು ವಾರ ಕಳೆದರೆ ತೋಟ ಇಡೀ ಬೆಳ್ಳಗೆ. ಮೂರ್ನಾಲ್ಕು ದಿನಕ್ಕೆ ಹೂ ಬಾಡುತ್ತೆ. ಆ ಬೆಳಗುಗಳಲ್ಲಿ ಜೇನು ಬರೋ ಮುಂಚೆ ಮ್ಯಾಕ್ರೊ ಲೆನ್ಸ್ ಹಿಡಿದು ಗಿಡದ ಬುಡದಲ್ಲಿರ್ತೀನಿ. ದಯವಿಟ್ಟು ಯಾರೂ ಮದುವೆ ಆರ್ಡರ್ ಅಂತ ಫೋನ್ ಮಾಡಬೇಡಿ.